ಬೈಕು ಗ್ಯಾರೇಜಿನಲ್ಲಿದೆ

ಹೋದ ಭಾನುವಾರ ಹೊನ್ನಾಳಿಯ ನಮ್ಮ ಭಾವನವರ ಮನೆಯಲ್ಲಿ ನೆಂಟರೆಲ್ಲ ಸೇರಿ ಊಟ ಮುಗಿಸಿ ಕೂತಿದ್ದೆವು. ನನ್ನ ವಾರಗಿತ್ತಿ ಎಲೆ ಅಡಿಕೆಯ ತಟ್ಟೆ ತಂದು ಮುಂದಿಟ್ಟರು. ಅದರ ಮೂಲೆಯಲ್ಲಿ ನಾಲ್ಕಾರು ಲವಂಗ. ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕಾರಣವಿಲ್ಲದೆ ಸಿಟ್ಟು ಬಂತು. ಕಾರಣವಿಲ್ಲದೆ ಎಂದರೆ ಸುಳ್ಳಾದೀತು. ಕಾರಣ ಅಲ್ಲೇ ಪಕ್ಕದ ಕೋಣೆಯಲ್ಲಿ ತನ್ನ ಅಣ್ಣನ ಜೊತೆ ನಗುತ್ತ ಕೂತಿತ್ತು.

ನಮ್ಮ ಮನೆಯವರು ದನದ ಡಾಕ್ಟರು. ನಾವಿರುವುದು ನ್ಯಾಮತಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತೇನೆ, ಅವರು ಸುತ್ತಲ ಹಳ್ಳಿಗಳ ಹಸು ಎಮ್ಮೆಗಳ ಹಿಂದೆ ಓಡಾಡುತ್ತಾರೆ. ದೂರದಿಂದ ಎಮ್ಮೆಯ ನಿಲುವು ನೋಡಿಯೇ ಅದಕ್ಕೆ ಹೊಟ್ಟೆ ಉಬ್ಬರಿಸಿದೆ ಎಂದು ಹೇಳಿಬಿಡುವ ಮನುಷ್ಯ. ಆದರೆ ಕಟ್ಟಿಕೊಂಡ ಹೆಂಡತಿಯ ಮುಖ ನೋಡಿ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ತಿಳಿಯುವ ವಿದ್ಯೆ ಇಪ್ಪತ್ತು ವರ್ಷವಾದರೂ ಕೈಹತ್ತಿಲ್ಲ.

ಕುಡಿತ ದಿನದ್ದಲ್ಲ. ಯಾರದೋ ವರ್ಗಾವಣೆ, ಯಾರದೋ ನಿವೃತ್ತಿ, ಯಾರದೋ ಹೊಸ ಟ್ರ್ಯಾಕ್ಟರು, ಇಂಥವಕ್ಕೆ. ಎರಡು ವರ್ಷದ ಹಿಂದೆ ಚನ್ನಗಿರಿಯಲ್ಲಿ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಊಟವಿತ್ತು. ಹೊರಡುವಾಗಲೇ ಹೇಳಿದ್ದೆ, ಬಸ್ಸಿಗೆ ಹೋಗಿ ಎಂದು. "ಏನೂ ಆಗಲ್ಲ ಬಿಡೆ. ಎರಡು ಲವಂಗ ಬಾಯಿಗೆ ಹಾಕ್ಕೊಂಡ್ರೆ ಪೊಲೀಸ್ರ ಮಷಿನ್ನಿಗೂ ಗೊತ್ತಾಗಲ್ಲ" ಎಂದರು. ವಿಜ್ಞಾನ ಓದಿ ಡಾಕ್ಟರಾದವರ ಮಾತು ಇದು! ಮಧ್ಯಾಹ್ನ ಮೂರೂವರೆಗೆ ಊರಾಚೆ ಪೊಲೀಸರು ಬೈಕು ನಿಲ್ಲಿಸಿದರು. ಲವಂಗ ಜಗಿಯುತ್ತಲೇ ಊದಿದರಂತೆ. ಮಷಿನ್ನಿಗೆ ಗೊತ್ತಾಯಿತು.

ಕೋರ್ಟಿಗೆ ನಾನೂ ಹೋಗಿದ್ದೆ. ಹೋಗಬೇಡವೆಂದು ಮನಸ್ಸು ಹೇಳಿತು, ಒಬ್ಬರನ್ನೇ ಕಳಿಸಲು ಧೈರ್ಯ ಬರಲಿಲ್ಲ. ವರಾಂಡದಲ್ಲಿ ಕೆರೆಬಿಳಚಿಯ ಪರಿಚಯದ ರೈತರೊಬ್ಬರು ಎದುರಾದರು. "ಏನ್ ಡಾಕ್ಟ್ರೇ, ನೀವಿಲ್ಲಿ? ಯಾರ್ದಾದ್ರೂ ದನದ ಕೇಸೇನ್ರೀ?" ಎಂದು ಕೇಳಿದರು. ಇವರು ಒಂದು ಕ್ಷಣವೂ ತಡವರಿಸದೆ, "ಹೂಂ, ಸಾಕ್ಷಿ ಹೇಳಾಕೆ ಬಂದೀನಿ" ಎಂದರು. ಐದು ನಿಮಿಷದಲ್ಲಿ ಅದೇ ರೈತರ ಎದುರಿಗೇ ಇವರ ಹೆಸರು ಕೂಗಿ, ಕಟಕಟೆಯಲ್ಲಿ ನಿಲ್ಲಿಸಿದರು. ತಪ್ಪೊಪ್ಪಿಕೊಂಡರು. ದಂಡವಾಯಿತು, ಆರು ತಿಂಗಳು ಲೈಸೆನ್ಸು ಹೋಯಿತು. ಇಲಾಖೆಯಿಂದ ಕಾರಣ ಕೇಳುವ ನೋಟಿಸು ಬೇರೆ. ಮನೆಗೆ ಬಂದು ಅವರು ಆಡಿದ ಮೊದಲ ಮಾತು, "ನಂಗಿಂತ ಜಾಸ್ತಿ ಕುಡಿದವ್ರು ಮುಂದೆ ಹೋದ್ರು ಕಣೆ, ಅವರನ್ನ ಹಿಡೀಲೇ ಇಲ್ಲ." ಕೈಯಲ್ಲಿದ್ದ ಲೋಟವನ್ನು ಅವರ ಮೇಲೆ ಎಸೆಯದೆ ಇದ್ದದ್ದು ನನ್ನ ಪೂರ್ವಜನ್ಮದ ಪುಣ್ಯ.

ಈಗ ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ನೀವು ಇಷ್ಟು ಹೊತ್ತು ನನ್ನ ಪಕ್ಷ ವಹಿಸಿ ಓದುತ್ತಿದ್ದರೆ ಸ್ವಲ್ಪ ತಡೆಯಿರಿ. "ಬೈಕು ಗ್ಯಾರೇಜಿನಲ್ಲಿದೆ" ಎಂಬ ಮಾತನ್ನು ಕಟ್ಟಿದ್ದು ನಾನೇ. ಜಗಳೂರಿನಿಂದ ಅವ್ವ ಫೋನು ಮಾಡಿ, "ಅಳಿಯಂದಿರು ಬಸ್ಸಿಗೆ ಓಡಾಡ್ತಾರಂತೆ, ಯಾಕವ್ವ?" ಎಂದಾಗ ಬಾಯಿಗೆ ಬಂದದ್ದು ಅದೇ. ಆಮೇಲೆ ಸ್ಟಾಫ್ ರೂಮಿನಲ್ಲಿ, ಹಾಲಿನವನ ಮುಂದೆ, ಎದುರು ಮನೆಯವರ ಮುಂದೆ ಅದನ್ನೇ ಹೇಳಿದೆ. ಇವರೂ ಕಲಿತರು. ಬೈಕೋ, ಹಿತ್ತಲಲ್ಲಿ ಹಳೇ ಸೀರೆ ಹೊದ್ದುಕೊಂಡು ನಿಂತಿತ್ತು. ಯಾವ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಒಂದು ಬೈಕು ರಿಪೇರಿಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದುದು ಮರ್ಯಾದೆಗಿರಬೇಕು.

ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ಒಂದೆರಡು ಹಳ್ಳಿಗೆ ಅವರನ್ನು ಕರೆದೊಯ್ದು ಶಾಲೆಗೆ ಓಡುತ್ತಿದ್ದೆ. ಹಿಂದೆ ಕೂತವರು ಸುಮ್ಮನೆ ಕೂರಬಾರದೇ? "ಗುಂಡಿ ಐತೆ, ಗುಂಡಿ", "ಹಾರನ್ ಹೊಡಿ", "ಎಡಕ್ಕೆ ಹೋಗು". ಒಮ್ಮೆ ರಸ್ತೆ ಮಧ್ಯೆ ಗಾಡಿ ನಿಲ್ಲಿಸಿ, "ಇಳೀರಿ, ನಿಮ್ಮ ಲೈಸೆನ್ಸು ತೋರಿಸ್ರಿ" ಎಂದೆ. ಅಂದಿನಿಂದ ಹಾರನ್ನಿನ ವಿಷಯಕ್ಕೆ ಬರಲಿಲ್ಲ.

ಮೂರನೇ ತಿಂಗಳಲ್ಲಿ ಅದಾಯಿತು. ಗೋವಿನಕೋವಿಯಲ್ಲಿ ಹನುಮಕ್ಕ ಎಂಬ ಹೆಂಗಸು. ಗಂಡ ತೀರಿಹೋಗಿದ್ದರು, ಇದ್ದದ್ದು ಒಂದೇ ಹಸು. ಬೆಳಿಗ್ಗೆ ಹತ್ತು ಗಂಟೆಗೆ ಇವರಿಗೆ ಫೋನು ಮಾಡಿದ್ದಾರೆ: ಹಸು ಕರು ಹಾಕಲು ಒದ್ದಾಡುತ್ತಿದೆ, ಒಂದು ಕಾಲಷ್ಟೇ ಹೊರಗೆ ಬಂದಿದೆ, ಬೇಗ ಬನ್ನಿ ಎಂದು. ಇವರು "ಅರ್ಧ ಗಂಟೇಲಿ ಬಂದೆ ಕಣಮ್ಮ" ಎಂದರು. ನನಗೆ ಫೋನು ಮಾಡಿದರು. ನಾನು ಪರೀಕ್ಷೆಯ ಕೊಠಡಿಯಲ್ಲಿದ್ದೆ, ಫೋನು ಬ್ಯಾಗಿನಲ್ಲಿತ್ತು. ಬಸ್ಸು ಆಗಷ್ಟೇ ಹೋಗಿತ್ತು. ಸ್ಟ್ಯಾಂಡಿನಲ್ಲಿದ್ದ ಆಟೋದವನು ಪರಿಚಯದವನು. ಬೈಕು ಇನ್ನೂ ಗ್ಯಾರೇಜಿನಲ್ಲೇ ಇದೆಯಾ ಎಂದು ಕೇಳಿಯಾನೆಂದು ಅವನನ್ನು ಕರೆಯಲಿಲ್ಲ. ಅದೇ ಭಯಕ್ಕೆ ಆ ಕಡೆ ಹೊರಟ ಬೈಕುಗಳಿಗೂ ಕೈ ಅಡ್ಡ ಹಾಕಲಿಲ್ಲ. ಹನುಮಕ್ಕ ಎರಡು ಸಲ ಮತ್ತೆ ಫೋನು ಮಾಡಿದಾಗಲೂ "ದಾರೀಲಿದೀನಿ" ಎಂದರು. ಮುಂದಿನ ಬಸ್ಸು ಹಿಡಿದು ಹೋಗಿ ತಲುಪುವಾಗ ಹನ್ನೆರಡೂವರೆ. ಕರು ಒಳಗೇ ಸತ್ತಿತ್ತು. ಹಸು ಇವರ ಕಣ್ಣೆದುರೇ ಕತ್ತು ಚೆಲ್ಲಿತು.

ಅವತ್ತು ಸಂಜೆ ಅವರು ಅಂಗಿಯ ಮೇಲಿನ ರಕ್ತವನ್ನೂ ತೊಳೆಯದೆ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಬಯ್ಯಬೇಕೆಂದು ಹೋದವಳು ಒಂದು ಬಕೆಟ್ ನೀರು ತಂದು ಪಕ್ಕದಲ್ಲಿಟ್ಟು ಒಳಗೆ ಹೋದೆ.

ಮುಂದಿನ ಭಾನುವಾರ, "ಗೋವಿನಕೋವಿಗೆ ಕರ್ಕೊಂಡು ಹೋಗ್ತೀಯಾ?" ಎಂದರು. ಹೋದೆವು. ಹನುಮಕ್ಕ ಮನೆಯ ಮುಂದೆ ಜೋಳ ಕೇರುತ್ತಿದ್ದರು. ಪಕ್ಕದಲ್ಲಿ ಖಾಲಿ ಗೂಟ. ಇವರು ನಿಂತೇ ಎಲ್ಲವನ್ನೂ ಹೇಳಿದರು: ಕುಡಿದು ಓಡಿಸಿದ್ದು, ಸಿಕ್ಕಿಬಿದ್ದದ್ದು, ಲೈಸೆನ್ಸು ಇಲ್ಲದ್ದು, ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ದಾರಿಯಲ್ಲಿದ್ದೇನೆ ಎಂದದ್ದು.

ಆಕೆ ಮೊರ ಕೆಳಗಿಟ್ಟರು. "ನೀವು ಕುಡಿದ್ರೋ ಬಿಟ್ರೋ, ಅದು ನಿಮ್ಮ ಮನೆ ಮಾತು ಡಾಕ್ಟ್ರೇ. ಬರಾಕಾಗಲ್ಲ ಅಂತ ಒಂದು ಮಾತು ಅಂದಿದ್ರೆ ನಾನು ಹೊನ್ನಾಳಿ ಡಾಕ್ಟ್ರನ್ನ ಕರೆಸ್ತಿದ್ದೆ. ಪಕ್ಕದ ಮನೆಯೋರು ಕರೆಸಾನ ಅಂತ ಬಡ್ಕೊಂಡ್ರು. ಇಲ್ಲ, ನಮ್ಮ ಡಾಕ್ಟ್ರು ದಾರ್ಯಾಗೆ ಅದಾರೆ ಅಂತ ನಾನೇ ತಡೆದೆ."

ಆಮೇಲೆ ನನ್ನ ಕಡೆ ತಿರುಗಿದರು. "ನಿನಗೂ ಗೊತ್ತಿತ್ತೇನವ್ವ?"

ದಿನಕ್ಕೆ ಐದು ತರಗತಿಯಲ್ಲಿ ಮಾತಾಡುವವಳು ನಾನು. ಹೌದೆಂದು ತಲೆಯಾಡಿಸಿದೆ, ಅಷ್ಟೇ. ಆಕೆ ಮತ್ತೆ ಮೊರ ಎತ್ತಿಕೊಂಡರು. ಕೂರಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ನಮ್ಮ ಕಡೆ ವೈರಿ ಬಂದರೂ ನೀರು ಕೇಳುತ್ತಾರೆ.

ಮರುದಿನದಿಂದ ಇವರು ಒಂದೊಂದೇ ಹಳ್ಳಿಯ ಹಾಲಿನ ಡೈರಿಯ ಮುಂದೆ, ಬೆಳಿಗ್ಗೆ ಜನ ಕ್ಯಾನು ಹಿಡಿದು ಸಾಲು ನಿಂತ ಹೊತ್ತಿಗೆ ಹೋಗಿ ಹೇಳತೊಡಗಿದರು. "ಕುಡಿದು ಗಾಡಿ ಓಡ್ಸಿ ಸಿಕ್ಕಿಬಿದ್ದೀನಿ. ಇನ್ನೂ ಮೂರು ತಿಂಗ್ಳು ಬೈಕ್ ಓಡ್ಸಂಗಿಲ್ಲ. ಅರ್ಜೆಂಟಾದ್ರೆ ಯಾರಾದ್ರೂ ಬಂದು ಕರ್ಕೊಂಡು ಹೋಗ್ರಿ, ಇಲ್ಲಾಂದ್ರೆ ಬೇರೆ ಡಾಕ್ಟ್ರಿಗೆ ಹೇಳ್ರಿ." ನಗುವವರು ನಕ್ಕರು. "ಡಾಕ್ಟ್ರಿಗೇ ಮೂಗುದಾರ ಹಾಕ್ಯಾರೆ" ಎಂದು ಒಬ್ಬ ಅಂದದ್ದು ನನ್ನ ಶಾಲೆಯವರೆಗೂ ಬಂತು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು, ಇವರ ಮೇಲೆ ಸಿಟ್ಟೂ ಬಂತು. ಒಪ್ಪಿಕೊಳ್ಳುವುದಾದರೆ ಇಷ್ಟು ಗಟ್ಟಿಯಾಗಿ ಒಪ್ಪಿಕೊಳ್ಳಬೇಕೇ? ಆದರೆ ಜನ ಬೈಕು ತಂದು ಕರೆದೊಯ್ದರು, ತಂದು ಬಿಟ್ಟರು. ಹನುಮಕ್ಕ ಮಾತ್ರ ಆಮೇಲೆ ಕಟ್ಟಿದ ಹಸುವಿಗೆ ಇವರನ್ನು ಕರೆಯಲಿಲ್ಲ. ಇಂದಿಗೂ ಕರೆದಿಲ್ಲ.

ಲೈಸೆನ್ಸು ಬಂದು ಒಂದೂವರೆ ವರ್ಷವಾಯಿತು. ಕುಡಿಯುವುದು ಬಿಟ್ಟರೇ ಎಂದು ಕೇಳುತ್ತೀರಿ. ಬಿಟ್ಟರು ಎಂದು ಬರೆದರೆ ಪ್ರಬಂಧ ಚೆನ್ನಾಗಿರುತ್ತಿತ್ತು. ಹೋದ ಭಾನುವಾರ ಭಾವನವರ ಮನೆಯ ಆ ಪಕ್ಕದ ಕೋಣೆಯಲ್ಲಿ ಅಣ್ಣತಮ್ಮಂದಿರ ನಡುವೆ ಬಾಟಲಿಯಿತ್ತು. ಹೋದದ್ದು ನನ್ನ ಸ್ಕೂಟರಿನಲ್ಲೇ ಎಂಬುದೊಂದೇ ಸಮಾಧಾನ.

ನಾನು ತಟ್ಟೆ ಆಚೆ ಸರಿಸುವಾಗ ಅವರ ಫೋನು ಹೊಡೆದುಕೊಂಡಿತು. ನನ್ನ ಕಿವಿ ನಿಮಿರಿತು. ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ನೆಂಟರು, ಅವರಲ್ಲಿ ಜಗಳೂರಿನಿಂದ ಬಂದಿದ್ದ ನನ್ನ ಅವ್ವನೂ ಇದ್ದಳು. ಇವರು ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಎಷ್ಟೊತ್ತಾತು ನೋವು ಶುರುವಾಗಿ? ಕೇಳಪ್ಪ ಇಲ್ಲಿ, ನಾನು ಕುಡಿದೀನಿ. ಗಾಡಿನೂ ಓಡ್ಸಂಗಿಲ್ಲ, ದನಾನೂ ಮುಟ್ಟಂಗಿಲ್ಲ. ಈಗ್ಲೇ ಬೇರೆ ಡಾಕ್ಟ್ರನ್ನ ಕರೆಸು, ನಾನು ಬರ್ತೀನಿ ಅಂತ ಕಾಯಬ್ಯಾಡ."

ಅವ್ವ ನನ್ನ ಮುಖ ನೋಡಿದಳು. "ಏನವ್ವ ಇದು? ಅಳಿಯಂದಿರು ಏನಂದ್ರು?" ಎಂದು ಮೆಲ್ಲಗೆ ಕೇಳಿದಳು. ಏನಾದರೊಂದು ಹೇಳಿ ಮುಚ್ಚಿಬಿಡಬಹುದಿತ್ತು. ನನ್ನ ನಾಲಿಗೆಗೆ ಅದು ಕಷ್ಟದ ಕೆಲಸವೇನಲ್ಲ.

"ಕುಡಿದಾರಂತೆ ಅವ್ವ, ನಿಜಾನೇ ಹೇಳ್ತಾ ಅದಾರೆ" ಎಂದೆ. ಎದ್ದು ಹೋಗಿ, ನನ್ನ ಫೋನಿನಲ್ಲಿದ್ದ ಹೊನ್ನಾಳಿ ಡಾಕ್ಟರ ನಂಬರನ್ನು ಒಂದೊಂದೇ ಅಂಕಿಯಾಗಿ, ಫೋನು ಕಿವಿಗೆ ಹಿಡಿದೇ ನಿಂತಿದ್ದ ಇವರಿಗೆ ಓದಿ ಹೇಳಿದೆ.