ಗಾಲಿಗೆ ಕೊಟ್ಟ ಕಲ್ಲು

ನನ್ನ ಕೈಗಳು ಆ ಕಲ್ಲನ್ನು ಇಂದಿಗೂ ಅದೇ ಜಾಗದಲ್ಲೇ ಇಡುತ್ತವೆ. ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಘತ್ತರಗಿಯ ಹೊಳೆದಾರಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಾನು ಮೋಟಾರಿನ ಹಿಂದಿನಿಂದ ಜಿಗಿಯುತ್ತೇನೆ, ಬಗ್ಗುತ್ತೇನೆ, ಕಲ್ಲು ಇಡುತ್ತೇನೆ. ಈ ಕಡೆ ಅಲ್ಲ, ಆ ಕಡೆ ಎಂದು ಪ್ರತಿ ಸಲವೂ ನನಗೇ ಕೂಗಿ ಹೇಳುತ್ತೇನೆ. ಕೈ ಕೇಳುವುದಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ಕಾನೂನು ಓದಿ, ಜೇವರ್ಗಿಯಲ್ಲಿ ವಕೀಲಿ ಹೂಡಿದ್ದೆ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಹೆಂಡತಿಯ ತವರು ಆಳಂದ. ನಿಜಾಮ ಸರಕಾರದಲ್ಲಿ ವಾರದ ರಜೆ ಶುಕ್ರವಾರ. ಊರೂರಿಗೂ ನಿಲ್ಲುವ ಸರ್ವಿಸ್ ಮೋಟಾರು ಬಸ್ಸನ್ನು ನಂಬಿಕೊಂಡು ಆಳಂದಕ್ಕೆ ಹೊರಟರೆ ರಜೆಯೆಲ್ಲ ದಾರಿಯಲ್ಲೇ ಕಳೆಯುತ್ತಿತ್ತು. ಆದರೆ ಸ್ವಂತ ಗಾಡಿ ಬೇಕೆನ್ನುವುದಕ್ಕೆ ಅದು ನಾನು ಜನರಿಗೆ ಹೇಳುತ್ತಿದ್ದ ಕಾರಣ. ಒಳಗಿನ ಕಾರಣ ಬೇರೆ. ಕಾಲೇಜಿನ ದಿನಗಳಲ್ಲಿ ಹುಸೇನಸಾಗರದ ಕಟ್ಟೆಯ ಮೇಲೆ ಯಾವನೋ ನವಾಬನ ಮಗ ಮೇಲುಹೊದಿಕೆಯಿಲ್ಲದ ಎರಡು ಸೀಟಿನ ಗಾಡಿಯಲ್ಲಿ ಹಾದುಹೋಗುವುದನ್ನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೋಡುತ್ತಾ ನಿಲ್ಲುತ್ತಿದ್ದೆ. ಅಂಥದೇ ಒಂದು ಅಫಜಲಪುರದಲ್ಲಿ ಮಾರಾಟಕ್ಕಿದೆ ಎಂದು ಕಕ್ಷಿದಾರನೊಬ್ಬ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಗಾಡಿ ಅಲ್ಲಿನ ಒಬ್ಬ ಜಹಗೀರದಾರರದು. ಶೋಕಿಗೆ ತರಿಸಿಕೊಂಡವರು ಈಗ ಮೈ ಭಾರವಾಗಿ ಅದರೊಳಗೆ ತೂರಲಾರದೆ ಬಿಟ್ಟಿದ್ದರು. ಒಂದು ಗುರುವಾರ ಸಂಜೆ ಹೆಂಡತಿಯನ್ನೂ ಕರೆದುಕೊಂಡು ನೋಡಲು ಹೋದೆ. ತಗ್ಗಾದ ಹಸಿರು ಗಾಡಿ, ಉದ್ದ ಮೂತಿ, ಮೂತಿಯ ಮೇಲೆ ಬಿಗಿದ ತೊಗಲಿನ ಪಟ್ಟಿ. ಮುಂದೆ ಎರಡೇ ಸೀಟು. ಹಿಂದೆ ಒಂದು ಮುಚ್ಚಳ ಎತ್ತಿದರೆ ಇನ್ನೊಬ್ಬರು ಮುದುರಿಕೊಂಡು ಕೂರಬಹುದು. ಆ ಹಿಂದಿನ ಜಾಗದಲ್ಲಿ, ಹಗ್ಗ ಕಟ್ಟಿದ ಒಂದು ಕಪ್ಪು ಕಲ್ಲು ಕೂತಿತ್ತು.

"ಇದ್ಯಾರು, ಮೊದಲೇ ಬಂದು ಕುಂತಾರ?" ಎಂದಳು ಹೆಂಡತಿ.

ಜಹಗೀರದಾರರ ಡ್ರೈವರ್ ನಕ್ಕ. ಐವತ್ತು ದಾಟಿದ ಸಾಬರವನು, ಗಡ್ಡಕ್ಕೆ ಮದರಂಗಿ. "ಅದೇ ಬ್ರೇಕ್ ರೀ ಬಾಯಾರ. ಕೈ ಬ್ರೇಕ್ ಹೋಗಿ ಎರಡು ವರ್ಷ ಆತು. ಕಾಲಿಂದು ಸ್ವಲ್ಪ ಹಿಡೀತದ, ಮನಸ್ಸು ಬಂದ್ರ."

ಅವನು ಏನನ್ನೂ ಮುಚ್ಚಿಡಲಿಲ್ಲ. ಪೆಟ್ರೋಲು ಎಳೆದುಕೊಡುವ ಯಂತ್ರ ಕೆಟ್ಟು, ಯಾರೋ ಮಿಸ್ತ್ರಿ ಟಾಕಿಯನ್ನು ಸೀಟಿನ ಬೆನ್ನಿಗೆ ಎತ್ತರದಲ್ಲಿ ಕೂರಿಸಿದ್ದ. ಪೆಟ್ರೋಲು ತಾನಾಗಿಯೇ ಇಳಿದು ಎಂಜಿನ್ನಿಗೆ ಬರಬೇಕು. ಸಮನೆಲದಲ್ಲಿ ಬರುತ್ತಿತ್ತು. ಕಡಿದಾದ ಏರಿನಲ್ಲಿ ಗಾಡಿಯ ಮೂತಿ ಮೇಲೆದ್ದರೆ ಟಾಕಿ ಕೆಳಗಾಗಿ ಎಂಜಿನ್ ಬಾಯಾರಿ ನಿಲ್ಲುತ್ತಿತ್ತು. ಅದಕ್ಕೆ ಇವರು ಕಂಡುಕೊಂಡ ಉಪಾಯ, ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಏರು ಹತ್ತಿಸುವುದು. ಅಷ್ಟಾದರೂ ಹಳೆಯ ಎಂಜಿನ್ ಒಮ್ಮೊಮ್ಮೆ ನಿಲ್ಲುತ್ತಿತ್ತು, ಆಗ ಬೇಕಾದದ್ದೇ ಆ ಕಲ್ಲು.

"ಖಾನದಾನಿ ಗಾಡಿ ವಕೀಲ್ ಸಾಬ್," ಎಂದ. "ದರಬಾರದಿಂದ ಹೊರಗ ಬರೋರು ನವಾಬಗ ಬೆನ್ನು ತೋರ್ಸಂಗಿಲ್ಲಲ್ಲ, ಹಂಗ ಇದು ಹೊಳೀಗೆ ಬೆನ್ನು ತೋರ್ಸಂಗಿಲ್ಲ. ಹಿಂದಹಿಂದಕ್ಕೇ ನಡೀತದ."

ನಾವಿಬ್ಬರೂ ಬಹಳ ನಕ್ಕೆವು. ಗಾಡಿ ಯಾರ ಮನೆಗೆ ಹೋದರೂ ತಾನೂ ಅದರ ಜೊತೆಗೇ ಹೋಗುವುದು ಎಂದೂ ಹೇಳಿದ. "ಇದರ ನಖರಾ ಇನ್ನೊಬ್ಬಂಗ ತಿಳಿಯಂಗಿಲ್ರಿ. ನಮ್ಮದು ನಿಕಾಹ ಆಗ್ಯದ."

ಮರುದಿನ ಶುಕ್ರವಾರ ಬೆಳಿಗ್ಗೆ ಘತ್ತರಗಿಯವರೆಗೆ ಓಡಿಸಿ ನೋಡುವುದೆಂದಾಯಿತು. ಡ್ರೈವರ್ ಸ್ಟೇರಿಂಗ್ ಚಕ್ರ ಹಿಡಿದ, ಹೆಂಡತಿ ಪಕ್ಕದ ಸೀಟಿಗೆ, ನಾನು ಹಿಂದೆ ಕಲ್ಲಿನ ಜೊತೆಗೆ. ಹೊರಡುವ ಮುಂಚೆ ಅವನು ನನಗೆ ತಿಳಿಸಿ ಹೇಳಿದ್ದ: "ಏರಿನ್ಯಾಗ ನಿಂತ್ರ ಕಲ್ಲು ಮೂತಿ ಕಡಿಂದ ಕೊಡ್ರಿ. ಗಾಡಿ ಉರುಳೋದು ಮೂತಿ ಕಡೀಗೇ." ಗೊತ್ತಾಯಿತು ಎಂದೆ. ದಾರಿಯಲ್ಲಿ ಒಂದು ಹಳ್ಳವನ್ನು ಹಿಮ್ಮುಖವಾಗಿ ಹತ್ತುವಾಗ ಗಾಡಿ ನಿಂತಿತು. ಇಳಿದು, ಒಂದು ಕ್ಷಣ ಯೋಚಿಸಿ, ಸುತ್ತಿಕೊಂಡು ಮುಂದೆ ಹೋಗಿ ಕಲ್ಲನ್ನು ಸರಿಯಾದ ಕಡೆಯೇ ಕೊಟ್ಟೆ. "ಶಾಬಾಸ್, ಅರ್ಧ ಕ್ಲೀನರ್ ಆದ್ರಿ," ಎಂದ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ನನಗೆ ತಿಳಿದಿರಲಿಲ್ಲ ಎನ್ನುವ ಹಾಗಿಲ್ಲ.

ಸಮದಾರಿಯಲ್ಲಿ ಆ ಗಾಡಿ ಓಡಿದ ಓಟ! ಜೋಳದ ಹೊಲಗಳು ಎರಡೂ ಕಡೆ ಕರಗಿ ಹೋದವು. ಹೆಂಡತಿಯ ಸೆರಗು ಹಾರಿ ಬಂದು ನನ್ನ ಮುಖಕ್ಕೆ ಬಡಿಯಿತು. ತೆಗೆದುಕೊಳ್ಳುವುದೇ ಸರಿ ಎಂದು ಅಲ್ಲೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡೆ.

ಘತ್ತರಗಿಯಲ್ಲಿ ದೇವಿಯ ದರ್ಶನ ಮಾಡಿ, ಗಾಡಿಯನ್ನು ಭೀಮಾ ನದಿಯ ದಂಡೆಗೆ ಇಳಿಸಿದೆವು. ಇಳಿಯುವಾಗ ಮೂತಿ ಮುಂದೆ, ಏನೂ ತೊಂದರೆಯಾಗಲಿಲ್ಲ. ಕೆಳಗೆ ಆಚೆ ದಂಡೆಗೆ ಹೋಗುವ ಜನ ಗಂಟುಗಳನ್ನಿಟ್ಟುಕೊಂಡು ಹರಿಗೋಲಿಗೆ ಕಾದಿದ್ದರು. ಹರಿಗೋಲು ಹತ್ತುವ ಕಡೆ ನೀರು ಆಳ, ಅದರ ಬಲಕ್ಕೆ ಮರಳು. ಮುಖ ತೊಳೆದುಕೊಂಡು ಮತ್ತೆ ಹೊರಟಾಗ ತಿರುಗಿಸುವ ಕೆಲಸವೂ ಇರಲಿಲ್ಲ. ಮೂತಿ ನದಿಗೇ ಇತ್ತು. ಡ್ರೈವರ್ ಹಾಗೇ ಹಿಂದಕ್ಕೆ ಹತ್ತಿಸಿದ. ಹರಿಗೋಲಿನ ಜನ ಕೈ ತಟ್ಟಿ ನಗುತ್ತಿದ್ದರು.

ಅರ್ಧ ಏರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

"ಕಲ್ಲ್ ಕೊಡ್ರೀ ವಕೀಲ್ ಸಾಬ್!"

ನಾನು ಹಿಂದಿನಿಂದ ಜಿಗಿದೆ. ಹುಡುಗನಾಗಿದ್ದಾಗಿನಿಂದ ನಮ್ಮ ಅಪ್ಪನ ಬಂಡಿ ಏರಿನಲ್ಲಿ ನಿಂತಾಗಲೆಲ್ಲ ಹೀಗೆಯೇ ಹಿಂದಿನಿಂದ ಜಿಗಿದು ಗಾಲಿಯ ಹಿಂದೆ ಕಲ್ಲು ಕೊಟ್ಟವನು ನಾನು. ಬಂಡಿಯ ಎತ್ತು ಮೇಲೆ ನೋಡುತ್ತದೆ, ಬಂಡಿ ಹಿಂದಕ್ಕೆ ಉರುಳುತ್ತದೆ. ಎಷ್ಟು ಸಲ ಮಾಡಿದ್ದೇನೋ. ಜಿಗಿದ ಜಾಗದಲ್ಲೇ ಬಗ್ಗಿ, ಎದುರಿಗಿದ್ದ ಗಾಲಿಗೆ ಕಲ್ಲನ್ನು ಒತ್ತಿ ಇಟ್ಟೆ. ಅದು ಏರಿನ ಮೇಲ್ಗಡೆ. ಗಾಡಿ ಉರುಳಬಹುದಾಗಿದ್ದ ಕಡೆ ಬರಿ ನೆಲ.

"ಕೊಟ್ರ್ಯಾ?"

"ಕೊಟ್ಟೆ."

ಈ ಒಂದು ಮಾತಿನ ಮೇಲೆ ಅವನು ಬ್ರೇಕಿನಿಂದ ಕಾಲು ತೆಗೆದ. ಗಾಡಿ ಕದಲಲಿಲ್ಲ. ಮುಂದಿನ ಗಾಲಿ ಒಂದು ಸಣ್ಣ ತಗ್ಗಿನಲ್ಲಿ ಕೂತಿತ್ತು ಎಂದು ಆಮೇಲೆ ತಿಳಿಯಿತು. ಅವನು ಇಳಿದು, ಎಂಜಿನ್ ಶುರು ಮಾಡುವ ಹ್ಯಾಂಡಲ್ ತೆಗೆದುಕೊಂಡು, ಮೂತಿಯ ಮುಂದೆ, ಅಂದರೆ ಇಳಿಜಾರಿನ ಕಡೆ ಹೋಗಿ ನಿಂತ. ಬಿಸ್ಮಿಲ್ಲಾ ಎಂದು ಹ್ಯಾಂಡಲ್ ತಿರುವಿದ. ಒಂದು ಸಲ, ಎರಡು ಸಲ. ಮೂರನೆಯ ಜಗ್ಗಿಗೆ ಗಾಡಿ ಅಲುಗಿ ತಗ್ಗಿನಿಂದ ಹೊರಬಿತ್ತು.

ನನ್ನ ಕಲ್ಲು ಇದ್ದಲ್ಲೇ ಇತ್ತು. ಗಾಲಿ ಅದನ್ನು ಬಿಟ್ಟು ಮೆಲ್ಲಗೆ ದೂರ ಸರಿಯುವುದನ್ನು ನೋಡುತ್ತಾ ನಾನು ಬಗ್ಗಿದವನು ಬಗ್ಗಿದಂತೆಯೇ ಇದ್ದೆ. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ. ಕೂಗಬೇಕಿತ್ತು, ಕೂಗಲಿಲ್ಲ. ಡ್ರೈವರ್ ಪಕ್ಕಕ್ಕೆ ಎಗರಿದ. ಮಡ್‌ಗಾರ್ಡು ಅವನ ಸೊಂಟಕ್ಕೆ ಹೊಡೆದು ಉರುಳಿಸಿತು. ಗಾಡಿಯಲ್ಲಿ ಹೆಂಡತಿ ಒಬ್ಬಳೇ. ಕೆಳಗೆ ಹರಿಗೋಲು, ಜನ, ಆಳದ ನೀರು. ಮೂವತ್ತು ನಲವತ್ತು ಹೆಜ್ಜೆ ಇರಬಹುದು. ಅವಳ ತಲೆ ಮಾತ್ರ ಕಾಣುತ್ತಿತ್ತು. ಆ ತಲೆ ಒಮ್ಮೆಲೇ ಬಲಕ್ಕೆ ಬಾಗಿತು. ಎರಡೂ ಕೈ ಚಾಚಿ ಅವಳು ಡ್ರೈವರನ ಚಕ್ರವನ್ನು ಹಿಡಿದು ತನ್ನ ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಳು. ಗಾಡಿ ಜನರಿಂದ ಆಚೆ ಸರಿದು, ಮರಳಿಗೆ ನುಗ್ಗಿ, ಓಲಾಡಿ, ಮೂತಿ ಹೂತು ನಿಂತಿತು.

ಓಡಿ ಹೋದೆ. ಹಣೆಗೆ ಸಣ್ಣ ಗಾಯ ಬಿಟ್ಟರೆ ಅವಳಿಗೆ ಏನೂ ಆಗಿರಲಿಲ್ಲ. ಕಣ್ಣುಗಳು ಹೊಳೆಯುತ್ತಿದ್ದವು.

"ಎತ್ತು ಬೆದರಿದ್ರ ಮೆತ್ತನ ಹೊಲದ ಕಡೆ ಜಗ್ಗಬೇಕಂತ ನಮ್ಮಪ್ಪ ಹೇಳ್ತಿದ್ದ," ಎಂದಳು. ಆಮೇಲೆ, "ತಿರುಗಿತು ನೋಡ್ರಿ! ನಾ ತಿರುವಿದಂಗ ತಿರುಗಿತು! ತಗೋಳ್ರಿ ಈ ಗಾಡಿ."

ಜನ ಸೇರಿದರು. ಒಬ್ಬ ಮುದುಕಿ ಅವಳ ಹಣೆಗೆ ಭಂಡಾರ ಒತ್ತಿ, ನನ್ನ ಕಡೆ ತಿರುಗಿ, "ಎತ್ತಿಲ್ಲದ ಗಾಡ್ಯಾಗ ಹೆಂಡ್ತೀನ ಕುಂದ್ರಿಸಿ ನೀ ಹಿಂದ ಏನ್ ಮಾಡಾಕತ್ತಿದ್ಯೋ ಯಪ್ಪಾ?" ಎಂದಳು. ಎಲ್ಲರೂ ನಕ್ಕರು. ನಾನು ಮೇಲೆ ನೋಡಿದೆ. ಡ್ರೈವರ್ ಒಂದು ಕಾಲು ಎಳೆಯುತ್ತಾ ಏರಿನಲ್ಲಿ ಕಲ್ಲಿನ ಹತ್ತಿರ ನಿಂತಿದ್ದ. ಕಲ್ಲನ್ನು ನೋಡಿದ. ನೆಲದ ಮೇಲಿನ ಗಾಲಿಯ ಗುರುತನ್ನು ನೋಡಿದ. ಆಮೇಲೆ ನನ್ನನ್ನು. ಕಲ್ಲನ್ನು ಎತ್ತಿಕೊಂಡು ಕೆಳಗೆ ಬಂದು, ಅದನ್ನು ಅದರ ಜಾಗದಲ್ಲಿ ಹಾಕಿ ಮುಚ್ಚಳ ಇಳಿಸಿದ. "ಕಲ್ಲು ಜಾರಿತ್ರಿ," ಎಂದು ಜನರಿಗೆ ಹೇಳಿದ.

ಎರಡು ಜೋಡಿ ಎತ್ತು ಕಟ್ಟಿ ಗಾಡಿಯನ್ನು ಮೇಲೆಳೆದರು. ಸಂಜೆಯೊಳಗೆ ಅಫಜಲಪುರ ಮುಟ್ಟಿದೆವು. ಹೆಂಡತಿಯನ್ನು ಒಳಗೆ ಹೆಣ್ಣುಮಕ್ಕಳ ಕಡೆ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ನನಗೆ ಶರಬತ್ತು ಬಂತು. ಜಹಗೀರದಾರರು ಸೊಟ್ಟಗಾದ ಮಡ್‌ಗಾರ್ಡಿನ ಸುತ್ತ ಒಮ್ಮೆ ತಿರುಗಿ ಬಂದು ಕೇಳಿದರು: "ಕಲ್ಲು ಕೊಟ್ಟವರು ಯಾರು?"

"ನಾನೇ ಸರಕಾರ್," ಎಂದ ಡ್ರೈವರ್.

"ಹತ್ತು ವರ್ಷ ನಡಿಸಿದಿ, ಇನ್ನೂ ಕಲ್ಲು ಕೊಡಾಕ ಬರಂಗಿಲ್ಲೇನಲೇ?"

"ತಪ್ಪಾತು ಸರಕಾರ್."

ಅವನು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಹೇಳುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅವನು ಯಾಕೆ ಹಾಗೆ ಹೇಳಿದನೋ, ನಾನು ಗಾಡಿ ಕೊಂಡರೆ ನನ್ನ ಮನೆಗೇ ಬರುವವನಲ್ಲವೇ, ನಾಳೆಯ ಯಜಮಾನನ ಮಾನ ಉಳಿಸಿದನೋ, ಗೊತ್ತಿಲ್ಲ. ನನ್ನ ಲೋಟದಲ್ಲಿ ಸಬ್ಜಾ ಬೀಜಗಳು ತೇಲುತ್ತಿದ್ದವು. ಅವನ್ನೇ ನೋಡುತ್ತಾ ಕೂತೆ. ಗಾಡಿಯ ಮಾತು ಬಂದಾಗ, ಯೋಚಿಸಿ ಮುಂದಿನ ಶುಕ್ರವಾರ ಬಂದು ಹೇಳುತ್ತೇನೆ ಎಂದೆ.

ಮರುದಿನ ಸರ್ವಿಸ್ ಮೋಟಾರಿನಲ್ಲಿ ಊರಿಗೆ ಮರಳುವಾಗ ಹೆಂಡತಿ ಕೇಳಿದಳು.

"ಡ್ರೈವರೇ ಕಲ್ಲು ಕೊಟ್ಟಿದ್ದಂತ ಒಳಗ ಮಾತಾಡ್ತಿದ್ರು. ಇಳಿದವ್ರು ನೀವಲ್ರ್ಯಾ?"

"ಹೌದು."

"ಮತ್ತ ಕಲ್ಲು ಜಾರಿತ್ಯಾ?"

"ಇಲ್ಲ. ಮೇಲಿನ ಕಡೆ ಇಟ್ಟಿದ್ದೆ. ಬಂಡಿಗೆ ಇಟ್ಟಂಗ."

ಅವಳು ಹಣೆಯ ಗಾಯವನ್ನು ಮುಟ್ಟಿಕೊಳ್ಳಲಿಲ್ಲ. "ಅಂವ ತನ್ನ ಮೈಮ್ಯಾಲ ಹಾಕ್ಕೊಂಡಾಗ ನೀವೇನಂದ್ರಿ?" ಎಂದಳು.

"ಏನೂ ಅನ್ನಲಿಲ್ಲ."

ಮುಂದಿನ ಹಳ್ಳಿ ಬಂದು, ಜನ ಇಳಿದು ಹತ್ತಿ, ಮೋಟಾರು ಮತ್ತೆ ಹೊರಟ ಮೇಲೆ ಅವಳೆಂದಳು: "ಆ ಗಾಡಿ ನಮಗ ಬ್ಯಾಡ್ರಿ."

"ಬ್ರೇಕ್ ಸೊಲ್ಲಾಪುರದಾಗ ಹಾಕಿಸಿದ್ರಾತು, ಟಾಕೀನೂ ಸರಿ ಮಾಡ್ತಾರ…"

"ಬ್ರೇಕಿನ ಮಾತಲ್ರಿ."

ಮುಂದಿನ ಶುಕ್ರವಾರ ಒಬ್ಬನೇ ಅಫಜಲಪುರಕ್ಕೆ ಹೋದೆ. ಜಹಗೀರದಾರರಿಗೆ ನಡೆದದ್ದನ್ನೆಲ್ಲ ಹೇಳಿದೆ, ಕೋರ್ಟಿನಲ್ಲಿ ಹೇಳುವ ಹಾಗೆ, ಒಂದೂ ಬಿಡದೆ. ಅವರು ತೊಡೆ ತಟ್ಟಿಕೊಂಡು ನಕ್ಕರು.

"ಹಂಗಾರ ನಮ್ಮ ಗಾಡಿ ಬೇಗುನಾ, ಅದರದೇನೂ ತಪ್ಪಿಲ್ಲ ಅನ್ರಿ! ಯಾವಾಗ ಒಯ್ತೀರಿ?"

"ಡ್ರೈವರನ್ನು ಕರೆಸ್ರಿ. ಅವರ ಮುಂದೆ ಹೇಳಬೇಕು."

"ಅಂವನ್ನ ಮಂಗಳವಾರ ಕೆಲಸ ಬಿಡಿಸಿದೆ. ಸೊಂಟ ಹಿಡದದ, ಹ್ಯಾಂಡಲ್ ಹೊಡಿಯಾಕ ಆಗವಲ್ದು. ಹೆಣ್ತಿಮಕ್ಕಳನ್ನ ಕರ್ಕೊಂಡು ಹೋದ."

ಎಲ್ಲಿಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಮಸೀದಿಯ ಹತ್ತಿರ ಅವನ ಮನೆಗೆ ಹೋದೆ. ಬೀಗ ಹಾಕಿತ್ತು. ಸೊಲ್ಲಾಪುರದ ಕಡೆ ಎಂದು ಒಬ್ಬರು, ಹೈದರಾಬಾದು ಎಂದು ಇನ್ನೊಬ್ಬರು. ಗಾಡಿ ಜಹಗೀರದಾರರ ಅಂಗಳದಲ್ಲಿ ನಿಂತಿತ್ತು. ಗಾಡಿ ಬೇಡ ಎಂದು ಹೇಳಿ, ಅದರ ಪಕ್ಕದಿಂದಲೇ ನಡೆದು ಹೊರಗೆ ಬಂದೆ.

ಜೇವರ್ಗಿಗೆ ಮರಳಿದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಹೇಳಿ ಬಂದೆ ಎಂದೆ.

"ಅಂವ ಇದ್ನ್ಯಾ?"

"ಇಲ್ಲ. ಮಂಗಳವಾರವೇ ಬಿಡಿಸಿದಾರ."

ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗ ತೆಗೆದು ಪಕ್ಕಕ್ಕಿಟ್ಟಳು. ನನ್ನನ್ನು ನೋಡದೆ ಕೇಳಿದಳು:

"ಶುಕ್ರವಾರ ತನಕ ಯಾಕ ಕಾಯ್ದ್ರಿ?"

ವಾರವಿಡೀ ಕೋರ್ಟು ಇತ್ತಲ್ಲ ಎಂದೆ. ಕೋರ್ಟು ಇದ್ದದ್ದು ಖರೆ.