ಟವೆಲಿನ ಕೆಳಗೆ ಸಿಕ್ಕ ಪಾಸ್‌ವರ್ಡ್

ಹೋದ ವಾರ ಚಿಂತಾಮಣಿಯಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಗುಜರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗಿನಿಂದ ಮೆಷಿನ್ ಎಣ್ಣೆ, ಹಳೇ ರಿಬ್ಬನ್ನಿನ ಶಾಯಿ, ಧೂಳು ಮೂರೂ ಬೆರೆತ ವಾಸನೆ ಬಂತು. ತಿರುಗಿ ನೋಡಿದರೆ ಮುರಿದ ಫ್ಯಾನುಗಳ ನಡುವೆ ಒಂದು ಕನ್ನಡ ಟೈಪ್‌ರೈಟರು ಕೂತಿತ್ತು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ನಮ್ಮ ಟೈಪಿಂಗ್ ಮೇಷ್ಟ್ರು ನೆನಪಾಗಿದ್ದರು…

ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಅವರ ಹತ್ತಿರ ಸೇರಿಸಿದ್ದರು. ಮಹಡಿಯ ಮೇಲೆ ಉದ್ದನೆಯ ಕೋಣೆ, ಹತ್ತು ಮೆಷಿನ್ನು. ಕೀಲಿ ನೋಡಿಕೊಂಡು ಹೊಡೆಯುವವರನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ನಮ್ಮ ಕೈಗಳ ಮೇಲೆ ಹೊದಿಸಿಬಿಡುತ್ತಿದ್ದರು. ಗೋಡೆ ನೋಡುತ್ತಾ ಹೊಡೆಯಬೇಕು. ಅದೂ ಸಾಲದೆಂದು ಪಕ್ಕದಲ್ಲಿ ನಿಂತು, ಮನೆಯಲ್ಲಿ ಇವತ್ತು ಏನು ಸಾರು, ನಿಮ್ಮ ಕಡೆ ಮಳೆ ಬಂತೇ ಎಂದು ಮಾತಿಗೆ ಎಳೆಯುತ್ತಿದ್ದರು. ಬಾಯಿ ಉತ್ತರ ಕೊಡಬೇಕು, ಕೈ ನಿಲ್ಲಬಾರದು. ಆಗ ನನಗೆ ಅದು ಶುದ್ಧ ಕಿರುಕುಳ ಅನ್ನಿಸುತ್ತಿತ್ತು. ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತಾ ಜೂನಿಯರ್ ಪಾಸು ಮಾಡಿದೆ, ಸೀನಿಯರೂ ಮಾಡಿದೆ.

ಮದುವೆಯಾಗಿ ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ಬಂದೆ. ನಮ್ಮ ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ರೇಷ್ಮೆಹುಳದ ವಿಷಯದಲ್ಲಿ ಅವರನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದಾಗ, ಮನೆಯವರು ಹೇಗಿರಬೇಕು, ಯಾವ ಹೊತ್ತಿಗೆ ಎಂಥ ಸೊಪ್ಪು ಹಾಕಬೇಕು, ಅವರ ಅಜ್ಜಿ ಹುಳದ ಮನೆಯಲ್ಲಿ ಏನು ಹಾಡುತ್ತಿದ್ದರು… ಎಲ್ಲವನ್ನೂ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳುತ್ತಿದ್ದರು. ನಾನು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿಕೊಳ್ಳುತ್ತಿದ್ದೆ. ನಾನು ಸ್ವಲ್ಪ ನಿಲ್ಲಿಸಿದರೆ "ರಾಸ್ಕೋ ಅಮ್ಮಾ, ರಾಸ್ಕೋ" ಎಂದು, ಬರೆದುಕೋ ಎಂದು ಅವಸರಪಡಿಸುತ್ತಿದ್ದರು. ನಾಲ್ಕು ವರ್ಷದಲ್ಲಿ ಮುನ್ನೂರು ಪುಟ ದಾಟಿತು. ಇನ್ನೊಂದು ಪ್ರತಿಯನ್ನು ಬೇರೆಲ್ಲೂ ಇಟ್ಟಿರಲಿಲ್ಲ. ನನ್ನ ಬುದ್ಧಿಗೆ ಏನು ಹೇಳುವುದು.

ಅತ್ತೆ ತೀರಿಕೊಂಡ ಮೇಲೆ ಐದು ತಿಂಗಳು ಆ ಲ್ಯಾಪ್‌ಟಾಪನ್ನು ಮುಟ್ಟಲು ಮನಸ್ಸಾಗಲಿಲ್ಲ. ಮುಟ್ಟಿದ ದಿನ ಅದು ಪಾಸ್‌ವರ್ಡ್ ಕೇಳಿತು. ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಮಗಳ ಹೆಸರು, ಯಜಮಾನರ ಗಾಡಿ ನಂಬರು, ಮನೆದೇವರು, ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಎಲ್ಲವೂ ತಪ್ಪು. ಶಿಡ್ಲಘಟ್ಟದಲ್ಲಿ ಒಬ್ಬರಿಗೆ, ಚಿಕ್ಕಬಳ್ಳಾಪುರದಲ್ಲಿ ಇಬ್ಬರಿಗೆ ತೋರಿಸಿದೆ. ಒಳಗಿನ ಫೈಲುಗಳಿಗೂ ನಾನೇ ಬೀಗ ಹಾಕಿಟ್ಟಿದ್ದೇನಂತೆ, ಪಾಸ್‌ವರ್ಡ್ ಇಲ್ಲದೆ ಅವು ಸಿಗುವುದಿಲ್ಲವಂತೆ. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿಕೊಡುತ್ತೇವೆ ಎಂದು ಮೂವರೂ ಹೇಳಿದರು. ಅತ್ತೆಯನ್ನು ಎರಡನೇ ಸಲ ಕಳೆದುಕೊಂಡೆ ಅನ್ನಿಸಿ ಕೈಚೆಲ್ಲಿ ಕೂತೆ.

ಮೇಷ್ಟ್ರ ಹತ್ತಿರ ಹೋದದ್ದು ಅವರಿಗೆ ಕಂಪ್ಯೂಟರ್ ಗೊತ್ತೆಂದಲ್ಲ. ಚಿಂತಾಮಣಿಯ ತವರಿಗೆ ಹೋದವಳು, ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿ ಲ್ಯಾಪ್‌ಟಾಪಿನ ಚೀಲದ ಸಮೇತ ಆ ಮಹಡಿ ಹತ್ತಿದೆ. ಮೆಷಿನ್ನು ಮೂರೇ ಉಳಿದಿದ್ದವು, ಕಲಿಯುವವರು ಯಾರೂ ಇರಲಿಲ್ಲ. ಮೇಷ್ಟ್ರು ಬಹಳ ಸೊರಗಿದ್ದರು. ನನ್ನ ಗೋಳನ್ನೆಲ್ಲ ಕೇಳಿ, ದಿನಾ ಪಾಸ್‌ವರ್ಡ್ ಹೊಡೆಯುವಾಗ ಕೀಲಿ ನೋಡುತ್ತಿದ್ದೆಯಾ ಎಂದರು.

"ನೀವು ನೋಡೋಕೆ ಬಿಟ್ರೆ ತಾನೇ ಸಾರ್" ಎಂದೆ.

"ಹಂಗಾದ್ರೆ ಮರ್ತಿರೋದು ನೀನು ಕಣಮ್ಮ. ನಿನ್ ಕೈ ಮರ್ತಿಲ್ಲ. ಕೂತ್ಕೊ."

ಅರ್ಧ ಗಂಟೆ ಹಳೇ ಮೆಷಿನ್ನಿನಲ್ಲಿ ಮೊದಲ ದಿನದ ಪಾಠ ಹೊಡೆಸಿದರು. ಬೆರಳು ಬಿಸಿಯಾಯಿತು. ಆಮೇಲೆ ಮೆಷಿನ್ ಸರಿಸಿ ಲ್ಯಾಪ್‌ಟಾಪ್ ಇಟ್ಟು, ನನ್ನ ಕೈ ಮೇಲೆ ಟವೆಲು ಹೊದಿಸಿ, ಗೋಡೆ ನೋಡು ಎಂದರು. ಪಾಸ್‌ವರ್ಡಿನ ಮಾತೇ ಇಲ್ಲ. ಅತ್ತೆಯ ಬಗ್ಗೆ ಕೇಳತೊಡಗಿದರು. ಮೊದಲ ಸಲ ಆಗಲಿಲ್ಲ, ಎರಡನೇ ಸಲವೂ ಆಗಲಿಲ್ಲ. ನೀನು ಯೋಚನೆ ಮಾಡ್ತಿದ್ದೀಯ ಎಂದು ಗದರಿಸಿ, ಹುಳ ಹಣ್ಣಾಯಿತೆಂದು ನಿಮ್ಮ ಅತ್ತೆಗೆ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದರು. ಮೈ ಹೊಳಪಾಗುತ್ತದೆ, ಮೇವು ಬಿಡುತ್ತದೆ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ ಎಂದು ನಾನು ಅತ್ತೆಯ ಹಾಗೆಯೇ ವಿವರಿಸುತ್ತಾ ಹೋದೆ. ಕೈ ಯಾವಾಗ ಓಡಿತೋ ನನಗೆ ಗೊತ್ತಿಲ್ಲ.

"ಗೋಡೆ ನೋಡಿದ್ದು ಸಾಕು. ಇಲ್ ನೋಡಮ್ಮ" ಎಂದರು.

ಲ್ಯಾಪ್‌ಟಾಪ್ ತೆರೆದಿತ್ತು. ಏನು ಹೊಡೆದೆನೆಂದು ಇಬ್ಬರಿಗೂ ಗೊತ್ತಿರಲಿಲ್ಲ! ಮತ್ತೆ ಟೈಪ್‌ರೈಟರಿನ ಮುಂದೆ ಕೂರಿಸಿ, ಅದೇ ಬೆರಳನ್ನು ಓಡಿಸು ಎಂದರು. ಕಾಗದದ ಮೇಲೆ 'ಚಂದ್ರಿಕೆ' ಎಂದು ಮೂಡಿತು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಹೊಸ ಲ್ಯಾಪ್‌ಟಾಪ್ ತಂದ ದಿನ, ಏನು ಇಡಲಿ ಎಂದು ಕೇಳಿದಾಗ ಅತ್ತೆಯೇ ಹೇಳಿದ್ದರು. ಇಂಗ್ಲಿಷ್ ಕೀಲಿಗಳ ಮೇಲೆ ನಾನು ಇಷ್ಟು ವರ್ಷ ಕನ್ನಡ ಟೈಪಿಂಗಿನ ಬೆರಳನ್ನೇ ಇಡುತ್ತಿದ್ದೆ, ಒಳಗೆ ಬೀಳುತ್ತಿದ್ದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ತೆರೆ ಬರೀ ಚುಕ್ಕೆ ತೋರಿಸುತ್ತಿತ್ತು. ಇಂಗ್ಲಿಷ್ ಅಕ್ಷರ ಹುಡುಕುತ್ತಾ ಕೂತರೆ ಅದು ಜನ್ಮಕ್ಕೂ ಸಿಗುತ್ತಿರಲಿಲ್ಲ.

ನಾನು ಅಲ್ಲೇ ಅತ್ತುಬಿಟ್ಟೆ. ಮೇಷ್ಟ್ರಿಗೆ ಅಳುವವರನ್ನು ಕಂಡರೂ ಆಗುತ್ತಿರಲಿಲ್ಲ.

"ಮೊದ್ಲು ಹೋಗಿ ಇದನ್ನ ಪ್ರಿಂಟ್ ಹಾಕ್ಸು. ಆಮೇಲೆ ಅಳೋವಂತೆ" ಎಂದರು.

ಹಾಗೇ ಮಾಡಿದೆ. ಅತ್ತೆ ಹೇಳಿದ್ದೆಲ್ಲ ಈಗ ಮೂರು ಕಡೆ ಭದ್ರವಾಗಿದೆ, ಮಗಳು ಓದುತ್ತಿದ್ದಾಳೆ. ಮುಂದಿನ ವರ್ಷ ಮೇಷ್ಟ್ರು ಹೋಗಿಬಿಟ್ಟರು. ನನಗೆ ಗೊತ್ತಾಗುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಆ ಮಹಡಿಯಲ್ಲಿ ಈಗ ಯಾರೋ ಬಟ್ಟೆ ಹೊಲಿಯುತ್ತಾರೆ.

ಅವರಿಗೆ ನಾನು ಸಲ್ಲಿಸಬೇಕಾದ ಕೃತಜ್ಞತೆಗೆ ಲೆಕ್ಕವಿಲ್ಲ. ಆದರೆ ಒಂದು ಮಾತು ಚುಚ್ಚುತ್ತದೆ. ಅವರು ನನ್ನನ್ನು ಏನೇನೆಲ್ಲ ಕೇಳಿದರು, ನಾನು ತಿರುಗಿ ಒಂದನ್ನೂ ಕೇಳಲಿಲ್ಲ. ಯಾವ ಊರಿನವರು, ಮಕ್ಕಳಿದ್ದರೇ, ಅವರ ಕೈಗೆ ಆ ವಿದ್ಯೆ ಕಲಿಸಿದವರು ಯಾರು… ಯಾವುದೂ ತಿಳಿಯದು. ಅತ್ತೆಯದು ಮುನ್ನೂರು ಪುಟ ಉಳಿಯಿತು. ಉಳಿಸಿಕೊಟ್ಟವರ ಬಗ್ಗೆ ಬರೆಯಲು ಕೂತರೆ, ನನ್ನ ಹತ್ತಿರ ಇದ್ದದ್ದು ಇಷ್ಟೇ.