ಹೊನ್ನವ್ವ ಹೇಳದ ಹೆಸರು

ಮನಗೂಳಿಯ ಹೊನ್ನವ್ವನ ಬಾಯಿ ಎಂಥದೆಂದರೆ, ಬಾವಿಕಟ್ಟೆಯಲ್ಲಿ ಆಕೆಯೊಡನೆ ವಾದಕ್ಕಿಳಿದವರು ಕೊಡ ಮರೆತು ಮನೆಗೆ ಹೋಗುತ್ತಿದ್ದರು. ಅಂಥ ಬಾಯಿಗೂ ಒಂದು ಬೀಗವಿತ್ತು: ಗಂಡನ ಹೆಸರು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆ ಎಂದು ಅತ್ತೆ ಹೇಳಿದ್ದರು. ಮದುವೆಯಲ್ಲಿ ಒಡಪು ಕಟ್ಟಿ, ಪದ್ಯದೊಳಗೆ ಹೆಸರು ಸೇರಿಸಿ ಒಮ್ಮೆ ಹೇಳಿದ್ದೇ ಕೊನೆ.

ಗಂಡ ಯಂಕಪ್ಪನೋ ಪರಪ್ಪನೋ ಆಗಿದ್ದರೆ ಚಿಂತೆಯಿರಲಿಲ್ಲ. ಆತ ಬಸಪ್ಪ! ಎಂಟುನೂರು ವರ್ಷಕ್ಕೂ ಹಿಂದೆ ಬಸವಣ್ಣ ಹುಟ್ಟಿದ ಸೀಮೆ ಇದು. ಕಲ್ಲು ಒಗೆದರೆ ಬಸಪ್ಪನಿಗೋ ಬಸವರಾಜನಿಗೋ ಬೀಳುತ್ತದೆ. ಮೈದುನ ಬಸಲಿಂಗ, ಗಿರಣಿಯವ ಬಸವರಾಜ. 'ಬಸ' ಅನ್ನುವ ಸೊಲ್ಲೇ ಬಾಯಿಗೆ ಬರಬಾರದಲ್ಲ, ಹೊನ್ನವ್ವನಿಗೆ ಅವರು 'ಸಣ್ಣಾವ', 'ಹಿಟ್ಟಿನಾವ'. ಹೋಗಲಿ ಅಂದರೆ, ತಾಲೂಕಿನ ಊರೂ ಬಸವನ ಬಾಗೇವಾಡಿಯೇ ಆಗಬೇಕೆ?

"ತಾಲೂಕಿಗೆ ಒಂದು ಕೊಡೋ ಯಪ್ಪಾ," ಅನ್ನುತ್ತಿದ್ದಳು ಕಂಡಕ್ಟರನಿಗೆ.

"ಯಾವ ತಾಲೂಕಬೇ? ಇಂಡಿನೋ, ಸಿಂದಗಿನೋ?" ಆತ ಬೇಕೆಂದೇ ಕಾಡುತ್ತಿದ್ದ.

"ನಿನ್ನ ಗಾಡಿ ಹಣಿಮ್ಯಾಲ ಬರದೈತಲ್ಲ, ಓದಾಕ ಬರಂಗಿಲ್ಲೇನು?"

ತೊಂಬತ್ತೆಂಟರಲ್ಲಿ ಮಗಳು ಸುನಂದಾಳಿಗೆ ಬಿಜಾಪುರದಲ್ಲಿ ಶಿಕ್ಷಕರ ತರಬೇತಿಯ ಟಿಸಿಎಚ್ ಸೀಟಿನ ಸಂದರ್ಶನ ಬಂತು. ಹುಡುಗಿ ಹಿಂದಿನ ದಿನವೇ ಅಲ್ಲಿಯ ಸೋದರಮಾವನ ಮನೆಗೆ ಹೋಗಿದ್ದಳು. ಅಂಕಪಟ್ಟಿ ಮನೆಯಲ್ಲೇ ಉಳಿದಿತ್ತು. ಹನ್ನೊಂದರೊಳಗೆ ಮುಟ್ಟಿಸದಿದ್ದರೆ ಸೀಟು ಕೈಬಿಟ್ಟಂತೆ. ಗಂಡ ಹೆಂಡತಿ ಬಸ್‌ಸ್ಟ್ಯಾಂಡಿಗೆ ಓಡಿದರು. ಎರಡು ಬಸ್ಸು ಒಟ್ಟಿಗೇ ಬಂದವು: ಬಿಜಾಪುರದ್ದೊಂದು, ಎದುರು ದಿಕ್ಕಿನ ಮುದ್ದೇಬಿಹಾಳದ್ದೊಂದು. ಅಂಕಪಟ್ಟಿಯ ಚೀಲ ಹಿಡಿದ ಬಸಪ್ಪ, ಸೀಟು ಹಿಡಿಯುವ ಭರದಲ್ಲಿ ಮುದ್ದೇಬಿಹಾಳದ ಬಸ್ಸು ಹತ್ತಿ ಕೂತ. ಅದು ಹೊರಟೇಬಿಟ್ಟಿತು.

"ಏನ್ರೀ! ಇಳೀರಿ!"

ಆ ಗದ್ದಲದಲ್ಲಿ ಎಷ್ಟು ಹೆಂಗಸರ 'ಏನ್ರೀ'ಗಳೋ! ಮಗಳು ಬಾಗಿಲಲ್ಲಿ ನಿಂತು ದಾರಿ ಕಾಯುವುದು ಹೊನ್ನವ್ವನ ಕಣ್ಣಿಗೆ ಕಟ್ಟಿತು. ಸೆರಗು ಬಿಗಿದು ಒದರಿದಳು:

"ಬಸಪ್ಪಾ! ಏ ಬಸಪ್ಪಾ!"

ಬಸ್ಸು ಗಕ್ಕನೆ ನಿಂತಿತು. ಡ್ರೈವರನೂ ಬಸಪ್ಪನೇ! ಕಿಟಕಿಗಳಿಂದ ಆರು ತಲೆ ಹೊರಬಂದವು: "ಯಾರ್ರೀ? ನನ್ನ ಕರದ್ರೇನು?" ಆಕೆಯ ಗಂಡ ಮಾತ್ರ ಆರಾಮಾಗಿ ಕೂತಿದ್ದ. ಹೊನ್ನವ್ವ ಬಸ್ಸು ಹತ್ತಿ ರಟ್ಟೆ ಹಿಡಿದೆಳೆದಳು.

"ಕಿವಿ ಸತ್ತಾವೇನು? ಗಂಟಲ ಹರಿಯೂಹಂಗ ಒದರಿದೆ!"

"ಕೇಳ್ತು. ಯಾರದೋ ಹೇಂತಿ ಅಂದ್ಕೊಂಡೆ. ನೀ ಹೆಸರು ಹಿಡದು ಕರೀತಿ ಅಂತ ನನಗೇನು ಗೊತ್ತು?"

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅಂಕಪಟ್ಟಿ ಸುನಂದಾಳ ಕೈಸೇರಿತು. ಆಕೆ ಒಳಗೆ ಹೋದಳು. ಹೊರಗಿನ ಬೇವಿನ ನೆರಳಲ್ಲಿ ಬಸಪ್ಪ ಮೆಲ್ಲಗೆ ಅಂದ:

"ಊರ ತುಂಬ ಬಸಪ್ಪರು. ಆ ಹೆಸರು ನಂದೂ ಹೌದು ಅಂತ ಇವತ್ತ ಅನಿಸ್ತು ನೋಡು. ಇನ್ನೊಮ್ಮೆ ಅನ್ನು."

ಹೊನ್ನವ್ವ ಆ ಕಡೆ ಈ ಕಡೆ ನೋಡಿದಳು. ಆತನಿಗಷ್ಟೇ ಕೇಳುವಂತೆ ಅಂದಳು.